ಚಿಗವ್ವನ ಕಾಗದದ ಎರಡು ಸಾಲು

ನಾನು ಕುಂತಲ್ಲಿ ಕೂಡುವವಳಲ್ಲ, ನಿಂತಲ್ಲಿ ನಿಲ್ಲುವವಳಲ್ಲ ಎಂದು ನನ್ನ ಅವ್ವ ಓಣಿಗೆಲ್ಲ ಹೇಳಿಕೊಂಡು ಬರುತ್ತಿದ್ದಳು. ಸುಳ್ಳೇನಲ್ಲ. ಎಂಬತ್ತರ ದಶಕದ ಮೊದಲಲ್ಲಿ, ಅನ್ವಯಿಕ ಭಾಷಾವಿಜ್ಞಾನದ ಆನರ್ಸ್ ವರ್ಷ ಓದುತ್ತಿದ್ದಾಗಲಂತೂ ನನ್ನ ಜೀವ ಒಂದು ಕಡೆ ನಿಂತದ್ದೇ ಇಲ್ಲ. ಹಾಸ್ಟೆಲ್ಲಿನಲ್ಲಿದ್ದರೆ ನಮ್ಮೂರು ಇಳಕಲ್ಲಿನ ನೆನಪು, ಇಳಕಲ್ಲಿಗೆ ಬಂದರೆ ಗ್ರಂಥಾಲಯದ ಚಿಂತೆ. ನಡುವೆ ಬಾಗಲಕೋಟೆಯ ಬಸ್ ಸ್ಟ್ಯಾಂಡಿನಲ್ಲಿ ಬಸ್ಸು ಬದಲಿಸಲು ನಿಂತಾಗ ಮಾತ್ರ ಸ್ವಲ್ಪ ಸಮಾಧಾನ. ಅಲ್ಲಿ ಯಾರೂ ನನ್ನನ್ನು ಏನೂ ಕೇಳುತ್ತಿರಲಿಲ್ಲ.

ಆ ವರ್ಷದ ಪ್ರಬಂಧಕ್ಕಾಗಿ ಅಕ್ಷರ ಬಾರದ ಹತ್ತು ಹೆಂಗಸರಿಗೆ ಎಂಟು ವಾರ ಓದು ಕಲಿಸಿ, ಕೊನೆಗೆ ಪರೀಕ್ಷೆ ಮಾಡಬೇಕಿತ್ತು. ಒಬ್ಬರು ನಡುವೆ ಬಿಟ್ಟರೂ ಪ್ರಬಂಧ ಒಪ್ಪುವುದಿಲ್ಲ ಎಂದು ಮಾರ್ಗದರ್ಶಕರು ಮೊದಲೇ ಕಡ್ಡಿ ಮುರಿದಂತೆ ಹೇಳಿಬಿಟ್ಟಿದ್ದರು. ನಾನು ನಮ್ಮ ಓಣಿಯ ಹೆಂಗಸರನ್ನೇ ಹಿಡಿದೆ. ಮಗ್ಗದ ಲಾಳಿಯಲ್ಲಿಡುವ ಕಂಡಿಕೆಗಳಿಗೆ ಇಡೀ ದಿನ ನೂಲು ಸುತ್ತುವವರು ಅವರು. ಮಧ್ಯಾಹ್ನ ಊಟವಾದ ಮೇಲೆ ಒಂದು ತಾಸು ನಮ್ಮ ಪಡಸಾಲೆಗೆ ಬಂದು ಕೂಡುತ್ತಿದ್ದರು. ನೂಲಿನ ಬಣ್ಣ ಬೆರಳಿಗಂಟಿ, ಸ್ಲೇಟಿನ ಮೇಲೂ ಅದೇ ಕೆಂಪು.

ದೊಡ್ಡವರಿಗೆ ಅವರಾಡುವ ಮಾತಿನಲ್ಲೇ ಓದು ಕಲಿಸಿದರೆ ಬೇಗ ಬರುತ್ತದೆ ಎಂದು ನಾನು ಓದಿದ್ದೆ. ಹಾಗಾಗಿ ನಮ್ಮೂರ ಮಾತಿನಲ್ಲೇ ಪಾಠಗಳನ್ನು ಬರೆದುಕೊಂಡು ಹೋಗಿದ್ದೆ. ಎಷ್ಟು ಜಂಬ ನನಗೆ! ಮೊದಲ ಪಾಠ ಓದಿ ತೋರಿಸಿದ್ದೇ ತಡ, ಹೆಂಗಸರು ಸೆರಗು ಬಾಯಿಗೆ ಅಡ್ಡ ಹಿಡಿದು ನಗತೊಡಗಿದರು. ನಗದೆ ಕುಳಿತವಳು ಚಿಗವ್ವ ಒಬ್ಬಳೇ. ಚಿಗವ್ವ ಎಂದರೆ ಚಿಕ್ಕಮ್ಮ, ಆದರೆ ಅವಳು ನಮಗೇನೂ ಸಂಬಂಧಿಕಳಲ್ಲ. ಪಕ್ಕದ ಮನೆಯ ವಿಧವೆ, ಓಣಿಯೆಲ್ಲ ಅವಳನ್ನು ಹಾಗೆ ಕರೆಯುತ್ತಿತ್ತು.

"ನಮ್ಮ ಮಾತು ನಮಗ ಬರ್ತೈತಿ, ಅದನ್ನ ಕಲಸಾಕ ನೀ ಯಾಕ ಬೇಕು?" ಎಂದಳು. "ನನ್ನ ಮಗಳು ಕಾಗದದಾಗ ಹೆಂಗ ಬರೀತಾಳ, ಹಂಗ ಕಲಸು."

ನನ್ನ ಮೈ ಉರಿದುಹೋಯಿತು. ಎರಡು ತಿಂಗಳು ಕೂತು ಬರೆದದ್ದು! ಆದರೆ ಅವಳಂದದ್ದು ಖರೆ. ಅವಳ ಒಬ್ಬಳೇ ಮಗಳನ್ನು ಬಾದಾಮಿ ಹತ್ತಿರದ ಚೊಳಚಗುಡ್ಡಕ್ಕೆ ಕೊಟ್ಟಿತ್ತು. ಹುಡುಗಿ ಏಳನೇ ಇಯತ್ತೆ ಓದಿದವಳು, ಪುಸ್ತಕದ ಭಾಷೆಯಲ್ಲೇ ಕಾಗದ ಬರೆಯುತ್ತಿದ್ದಳು. ಅವನ್ನು ಓದಿ ಹೇಳುವುದು ಹೈಸ್ಕೂಲಿನಿಂದಲೂ ನನ್ನ ಕೆಲಸ. ರಜೆಗೆ ನಾನು ಬರುವ ತನಕ ಕಾಗದಗಳು ಹಾಗೇ ಕಾಯುತ್ತಿದ್ದವು. ನಮ್ಮ ಕಡೆ ಕಾಗದವನ್ನು ಇದ್ದ ಹಾಗೇ ಓದುವ ರೂಢಿಯಿಲ್ಲ. ಕಣ್ಣಿನಲ್ಲಿ ಓದಿಕೊಂಡು ಬಾಯಲ್ಲಿ ನಮ್ಮ ಮಾತು ಮಾಡಿ ಹೇಳುವುದು. ಹೇಳುವವರು ಎಷ್ಟು ಹೇಳುತ್ತಾರೋ ಕೇಳುವವರಿಗೆ ಅಷ್ಟೇ. ಮಗಳ ಕಾಗದವನ್ನು ಇನ್ನೊಬ್ಬರ ಬಾಯಿಂದ ಕೇಳಿ ಕೇಳಿ ಸಾಕಾಗಿದೆ ಎಂದು ಚಿಗವ್ವ ನನ್ನ ಮುಖಕ್ಕೇ ಹೇಳಿದಳು. ನಾನು ಆ ಪಾಠಗಳನ್ನು ಟ್ರಂಕಿಗೆ ಹಾಕಿ ಹೊಸದಾಗಿ ಬರೆಯಲು ಕೂತೆ.

ಚಿಗವ್ವ ಕಲಿಯುವ ರೀತಿ ನೋಡಿ ನಾನೇ ದಂಗಾದೆ. ನಾಲ್ಕು ವಾರಕ್ಕೆ ಕಾಗುಣಿತ ಮುಗಿಸಿದಳು. ಕಂಡಿಕೆ ಸುತ್ತುತ್ತಲೇ ಗೋಡೆಯ ಮೇಲಿನ ಕ್ಯಾಲೆಂಡರನ್ನು ಕೂಡಿಸಿ ಕೂಡಿಸಿ ಓದುತ್ತಿದ್ದಳು. ನನ್ನ ಪ್ರಬಂಧ ನಿಂತದ್ದೇ ಅವಳ ಮೇಲೆ.

ಐದನೆಯ ವಾರ ಚೊಳಚಗುಡ್ಡದಿಂದ ಕಾಗದ ಬಂತು. ಕೈಬರಹ ಇನ್ನೂ ಕೂಡಿ ಬರುವುದಿಲ್ಲ, ಈ ಸಲ ನೀನೇ ಓದು ಎಂದು ಚಿಗವ್ವ ನನ್ನ ಕೈಗಿಟ್ಟಳು. ಕ್ಷೇಮ ಸಮಾಚಾರ, ಎಮ್ಮೆ ಈದದ್ದು, ನಾದಿನಿಯ ಮದುವೆ ಮಾತು. ಆಮೇಲೆ ಕೊನೆಯಲ್ಲಿ ಎರಡು ಸಾಲು: "ಈ ಸಲವಾದರೂ ಪಂಚಮಿಗೆ ನೀನೇ ಬಂದು ಕರೆದುಕೊಂಡು ಹೋಗು. ಇಲ್ಲಿ ನನ್ನ ಸಂಗಡ ಮಾತಾಡುವವರು ಯಾರೂ ಇಲ್ಲ."

ನಮ್ಮ ಕಡೆ ನಾಗರಪಂಚಮಿಗೆ ಹೆಣ್ಣುಮಕ್ಕಳು ತವರಿಗೆ ಬರಬೇಕು. ತವರಿನವರು ಹೋಗಿ ಕರೆಯದೆ ಗಂಡನ ಮನೆಯವರು ಕಳಿಸುವುದಿಲ್ಲ. ಹಿಂದಿನ ವರ್ಷ ಚಿಗವ್ವನಿಗೆ ಜ್ವರ, ಹೋಗಲಾಗಿರಲಿಲ್ಲ. ಈ ವರ್ಷ ಹೋದರೆ? ಹೋಗಿ ಬರಲು ಎರಡು ದಿನ, ಮಗಳು ಬಂದಳೆಂದರೆ ಉಂಡಿ ಕಟ್ಟುವುದು, ಜೋಕಾಲಿ, ಎದುರುಬದುರು ಕೂತು ಮಾತು. ಶ್ರಾವಣ ಮುಗಿಯುವ ತನಕ ಅವಳು ಸ್ಲೇಟು ಮುಟ್ಟುವುದಿಲ್ಲ. ಇವೆಲ್ಲ ಒಂದು ಉಸಿರಿನಲ್ಲಿ ನನ್ನ ತಲೆಯಲ್ಲಿ ಓಡಿಹೋದವು.

ಎಲ್ಲಾ ಆರಾಮ ಅಂತ, ಈ ಸಲ ಆಗೂದಿಲ್ಲಂತ, ಮುಂದಿನ ವರ್ಷ ಪಂಚಮಿಗೆ ಬರ್ತಾಳಂತ ಎಂದು ಹೇಳಿ ಕಾಗದ ಮಡಚಿ ಕೊಟ್ಟೆ. ಚಿಗವ್ವ ಅದನ್ನು ಕುಪ್ಪಸದೊಳಗೆ ಇಟ್ಟುಕೊಂಡು, ಅಲ್ಲೇ ಆರಾಮ ಇದ್ದರ ಆತು ಎಂದು ಎದ್ದುಹೋದಳು.

ಅಂದಿನಿಂದ ನನಗೆ ಒಂದು ಗಳಿಗೆ ನೆಮ್ಮದಿ ಇಲ್ಲ. ಊಟಕ್ಕೆ ಕೂತರೆ ಅರ್ಧಕ್ಕೆ ಏಳುತ್ತಿದ್ದೆ, ಕೆಲಸವಿಲ್ಲದಿದ್ದರೂ ಹುನಗುಂದದ ತನಕ ಬಸ್ಸಿನಲ್ಲಿ ಹೋಗಿ ತಿರುಗಿ ಬರುತ್ತಿದ್ದೆ. ಇವತ್ತು ಪಾಠ ಮುಗಿದ ಮೇಲೆ ಹೇಳಿಬಿಡೋಣ ಎಂದುಕೊಳ್ಳುವುದು, ಪಾಠ ಮುಗಿದೊಡನೆ ನಾಳೆ ಎನ್ನುವುದು. ಅಧ್ಯಯನಕ್ಕೆ ಬೇಕು ಎಂದು ಸುಳ್ಳು ಹೇಳಿ ಆ ಕಾಗದ ಕೇಳಿಯೂ ನೋಡಿದೆ. ಚಿಗವ್ವ ಕೊಡಲಿಲ್ಲ. ಒತ್ತಕ್ಷರದ ಪಾಠವನ್ನು ಒಂದು ವಾರ ಮುಂದೂಡಿದೆ, ಇಂಥ ಕೆಲಸ ಯಾವ ಮಾಸ್ತರೂ ಮಾಡಲಾರ. ಅವಳು ಕಲಿತರೆ ನಾನು ಸಿಕ್ಕಿಬೀಳುತ್ತೇನೆ, ಕಲಿಯದಿದ್ದರೆ ನನ್ನ ವರ್ಷ ಹಾಳು. ನನ್ನ ಮೇಲೆ ನನಗೇ ಹೇಸಿಗೆಯಾಗುತ್ತಿತ್ತು. ಹಾಗಂತ ಬಾಯಿ ಬಿಟ್ಟೆನೇ? ಇಲ್ಲ.

ಏಳನೆಯ ವಾರ ಪಂಚಮಿ ಬಂತು, ಹೋಯಿತು. ಓಣಿಯ ಹೆಣ್ಣುಮಕ್ಕಳೆಲ್ಲ ಬಂದರು. ಚಿಗವ್ವ ನಮ್ಮ ಮನೆಗೆ ಎಳ್ಳುಂಡಿ ಕೊಟ್ಟುಹೋದಳು. ನಾನದನ್ನು ಬಾಯಿಗಿಡಲಿಲ್ಲ.

ಎಂಟನೆಯ ವಾರ ಪರೀಕ್ಷೆ. ಒಬ್ಬೊಬ್ಬರನ್ನೇ ಒಳಗಿನ ಕೋಣೆಗೆ ಕರೆದು, ಮೊದಲು ನೋಡಿರದ ಹತ್ತು ಸಾಲು ಓದಿಸಿ ಗುರುತು ಹಾಕಿಕೊಳ್ಳುತ್ತಿದ್ದೆ. ನಾಲ್ಕನೆಯವಳಾಗಿ ಚಿಗವ್ವ ಬಂದಳು. ನನ್ನ ಹಾಳೆಯನ್ನು ಎಲ್ಲೂ ನಿಲ್ಲದೆ, ಒತ್ತಕ್ಷರಕ್ಕೂ ತಡವರಿಸದೆ ಓದಿದಳು. ನನಗೆ ಖುಷಿ ತಡೆಯಲಾಗಲಿಲ್ಲ. ನಿಂದ ಮೊದಲ ನಂಬರು ಎಂದು ಹೇಳುವಷ್ಟರಲ್ಲಿ ಅವಳು ಕುಪ್ಪಸದೊಳಗಿಂದ ಆ ಕಾಗದ ತೆಗೆದಳು.

ಅವಳು ಕ್ಷೇಮ ಸಮಾಚಾರದಿಂದ ಶುರುಮಾಡಿದಳು. ಅಕ್ಷರದ ಮೇಲೆ ಬೆರಳಿಟ್ಟು, ಅವಸರವಿಲ್ಲದೆ, ಎಮ್ಮೆಯನ್ನೂ ನಾದಿನಿಯ ಮದುವೆಯನ್ನೂ ದಾಟಿ ಕೊನೆಯ ಎರಡು ಸಾಲಿಗೆ ಬಂದಳು. ಅವನ್ನೂ ಓದಿದಳು. ಒಂದು ತಪ್ಪಿಲ್ಲ.

"ನಿನ್ನಿ ಸಂಜಿಮುಂದ ಕೂಡಿ ಬಂತು," ಎಂದಳು. "ಮೂರು ಸಲ ಓದೀನಿ. ನನಗ ಓದಾಕ ಬರೂದಿಲ್ಲೇನೋ ಅಂದ್ಕೊಂಡೆ."

ನಾನು ತಪ್ಪಾಯಿತು ಎಂದೆ. ಯಾಕೆ ಹಾಗೆ ಮಾಡಿದೆ ಎಂದೂ ಹೇಳಿದೆ: ಹತ್ತು ಜನ, ಎಂಟು ವಾರ, ಪ್ರಬಂಧ. ಹೇಳುತ್ತಾ ಹೇಳುತ್ತಾ ನನಗೇ ನಾಚಿಕೆಯಾಗಿ ಅಳು ಬಂತು. ಚಿಗವ್ವ ಬೈಯಲಿಲ್ಲ. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು. ಕಾಗದವನ್ನು ಮೊದಲಿನ ಮಡಿಕೆಗೇ ಮಡಚಿ ಒಳಗಿಟ್ಟುಕೊಂಡು, ಪರೀಕ್ಷೆ ಮುಗಿಯಿತೇ, ತಾನಿನ್ನು ಹೋಗಬಹುದೇ ಎಂದಷ್ಟೇ ಕೇಳಿದಳು.

ಮರುದಿನ ಬೆಳಿಗ್ಗೆ ಕೈಚೀಲ ಹಿಡಿದು ಅವಳು ಸ್ಟ್ಯಾಂಡಿನ ಕಡೆ ಹೊರಟದ್ದು ಕಂಡಿತು. ಹಿಂದೆಯೇ ಓಡಿದೆ. ಬಾದಾಮಿಯ ಬಸ್ಸು ಹತ್ತಿಸಿಕೊಡುತ್ತೇನೆ, ಬೇಕಾದರೆ ಚೊಳಚಗುಡ್ಡದ ತನಕ ಜೊತೆಗೆ ಬಂದು ನಾನೇ ನಿನ್ನ ಮಗಳಿಗೆ ಎಲ್ಲ ಹೇಳುತ್ತೇನೆ ಎಂದೆ.

ಅವಳು ತಿರುಗಿ ನಿಂತು ನನ್ನ ಮುಖ ನೋಡಿದಳು.

"ಬ್ಯಾಡ," ಎಂದಳು. "ಬೋರ್ಡ ನಾನ ಓದ್ಕೊಂತೇನಿ."