ಹೂಬುಟ್ಟಿಯೂ ಕುಂಬಳದ ಹೀಚೂ

ಅಕ್ಕಿ ತೊಳೆದ ನೀರನ್ನು ಬಚ್ಚಲಿಗೆ ಚೆಲ್ಲುವುದು ನಮ್ಮತ್ತೆಯ ಲೆಕ್ಕದಲ್ಲಿ ಮಹಾಪಾಪ. ಐವತ್ತರ ದಶಕದಲ್ಲಿ ನಾನು ಸೊಸೆಯಾಗಿ ಬಂದ ರಾಜಾಜಿನಗರದಲ್ಲಿ ಮನೆಗಳಿಗಿಂತ ಖಾಲಿ ಸೈಟುಗಳೇ ಹೆಚ್ಚು. ಬೀದಿ ನಲ್ಲಿಯ ನೀರೋ, ಮನಸ್ಸು ಬಂದಾಗ ಬರುವ ನೆಂಟ. ಹಾಗಾಗಿ ನಮ್ಮ ಅಂಗಳದಲ್ಲಿ ಜಾಗ ಸಿಕ್ಕಿದ್ದು, ಅಕ್ಕಿ ತೊಳೆದ ನೀರಿಗೇ ತೃಪ್ತಿಪಟ್ಟು ವರ್ಷವಿಡೀ ಹೂಬಿಡುವ ರತ್ನಗಂಧಿ, ನಿತ್ಯಪುಷ್ಪ, ತುಳಸಿಗಳಿಗೆ. ಸೊಸೆಯಲ್ಲೂ ಅತ್ತೆ ಇದೇ ತಳಿಯನ್ನು ಹುಡುಕಿದ್ದರೆಂಬುದು ನನಗೆ ತಡವಾಗಿ ಹೊಳೆಯಿತು.

ಆ ಹೂಗಳನ್ನು ಬಿಸಿಲಿನಲ್ಲಿ ಕಂಡವರಿಲ್ಲ. ಬೆಳಗಾಗುವ ಮುಂಚೆಯೇ ಅತ್ತೆ ಬುಟ್ಟಿ ಹಿಡಿದು, ಒಂದನ್ನೂ ಬಿಡದೆ ಕೊಯ್ದುಬಿಡುತ್ತಿದ್ದರು. ದೇವರ ಪಟಗಳು ಮೂಗಿನವರೆಗೆ ಹೂವಿನಲ್ಲಿ ಮುಳುಗಿ ಉಸಿರಿಗೆ ಒದ್ದಾಡುತ್ತಿದ್ದವು. ಜೇನ್ನೊಣಗಳು ಬೋಳು ಅಂಗಳಕ್ಕೊಂದು ಸುತ್ತು ಹಾಕಿ ಆಚೆಮನೆಗೆ ಹೋಗುತ್ತಿದ್ದವು. ದೇವರು ಹುಟ್ಟಿಸಿದ್ದನ್ನು ದೇವರಿಗೇ ಒಪ್ಪಿಸಿ, ಅವನ ಉಳಿದ ಮಕ್ಕಳನ್ನು ಉಪವಾಸ ಕೆಡಹುವ ಈ ಜಾಣತನಕ್ಕೆ ನಾವು ಭಕ್ತಿಯೆನ್ನುತ್ತೇವೆ ನೋಡಿ.

ಅದೇ ಅಂಗಳದ ಬೇಲಿಯ ಬದಿಯಲ್ಲಿ ನಾನು ಕುಂಬಳದ ಬಳ್ಳಿ ಹಬ್ಬಿಸಿದ್ದೆ. ಹೂವಾಯಿತು, ಹೀಚಾಯಿತು, ಹಳದಿಗಟ್ಟಿ ಉದುರಿತು. ಮದುವೆಯಾಗಿ ಮೂರು ವರ್ಷವಾದರೂ ತೊಟ್ಟಿಲು ಕಟ್ಟದ ಸೊಸೆ ನೆಟ್ಟ ಬಳ್ಳಿ. ಬೇರೆ ಕಾರಣ ಹುಡುಕುವ ಕಷ್ಟ ಅತ್ತೆಗೆ ಬರಲಿಲ್ಲ.

"ನಿನ್ನ ಕೈಗುಣ ಕಣೇ. ಇನ್ಮೇಲೆ ಗಿಡ ಮುಟ್ಬೇಡ."

"ಹೂವೆಲ್ಲಾ ಕಿತ್ಕೊಂಡ್ರೆ ಜೇನು ಯಾಕ್ ಬರ್ತವೆ ಅತ್ತೆ? ಅವು ಬರ್ದೆ ಕಾಯಿ ಹೆಂಗ್ ಕಚ್ಚುತ್ತೆ?"

"ದೇವ್ರಿಗಿಂತ ನಿನ್ ನೊಣ ಹೆಚ್ಚಾ?"

ದೃಷ್ಟಿ ತಗಲಿದೆಯೆಂದು ಬಳ್ಳಿಗೆ ಮಾವನವರ ಹಳೇ ಚಪ್ಪಲಿ ಕಟ್ಟಿದರು. ಅದರ ಪ್ರತಾಪವೂ ನಡೆಯಲಿಲ್ಲ. ಕೊನೆಗೊಂದು ದಿನ, ನನಗೆ ಕೇಳಲೆಂದೇ, ಮಗನಿಗೆ ಹೇಳಿದರು: "ಫಲ ಕೊಡ್ದಿದ್ರೆ ಕಿತ್ತು ಬೇರೆ ನೆಡ್ತಾರಪ್ಪ." ನನ್ನ ಗಂಡ ತಟ್ಟೆಯಿಂದ ತಲೆಯೆತ್ತಲಿಲ್ಲ.

ಅಷ್ಟರಲ್ಲಿ ನಾದಿನಿಯ ಬಾಣಂತನಕ್ಕೆಂದು ಅತ್ತೆ ಒಂದೂವರೆ ತಿಂಗಳು ತುಮಕೂರಿಗೆ ಹೊರಟರು. ಗಿಡ ಮುಟ್ಟಬೇಡವೆಂದಿದ್ದರಲ್ಲ, ಚಾಚೂ ತಪ್ಪದೆ ಪಾಲಿಸಿದೆ: ಒಂದು ಹೂವನ್ನೂ ಕೀಳಲಿಲ್ಲ. ನೀರನ್ನು ಗಂಡನ ಕೈಯಲ್ಲೇ ಹಾಕಿಸಿದೆ. ದೇವರಿಗೆ ಅಕ್ಷತೆ ಹಾಕಿ ಕೈಮುಗಿದೆ, ಅವನು ಆಕ್ಷೇಪಿಸಲಿಲ್ಲ. ಎರಡನೇ ದಿನಕ್ಕೇ ರತ್ನಗಂಧಿಯ ತುಂಬ ಚಿಟ್ಟೆ, ತುಳಸಿಯ ಕದಿರಿನ ತುಂಬ ಜೇನು, ಅಲ್ಲಿಂದ ಹಾಗೇ ಕುಂಬಳದ ಹೂವಿಗೆ.

ಅತ್ತೆ ಮರಳಿದಾಗ ಬೇಲಿಯ ಬುಡದಲ್ಲಿ ಐದು ಕುಂಬಳ ಕೂತಿದ್ದವು.

"ನಾನು ಅಲ್ಲಿಂದ್ಲೇ ಹರಕೆ ಹೊತ್ತಿದ್ದೆ," ಎಂದರು.

"ಇರ್ಬೋದು. ನಾನಂತೂ ಗಿಡ ಮುಟ್ಲಿಲ್ಲ ಅತ್ತೆ," ಎಂದೆ. "ನೀವೂ ಮುಟ್ಲಿಲ್ಲ."

ಅತ್ತೆ ಗುಂಯ್‌ಗುಡುತ್ತಿದ್ದ ತುಳಸಿಯನ್ನು ಬಹಳ ಹೊತ್ತು ನೋಡಿದರು. ಮಾರನೆಯ ಬೆಳಗ್ಗೆ ಬುಟ್ಟಿ ಅರ್ಧವೇ ತುಂಬಿತ್ತು.

"ಕೆಳಗಿನ ಕೊಂಬೆಗೆ ಬಗ್ಗೋಕ್ಕಾಗಲ್ಲ ಕಣೇ, ಸೊಂಟ ಹಿಡ್ಕೊಂಡಿದೆ. ನೀರು ನೀನೇ ಹಾಕು," ಎಂದು ಚೊಂಬನ್ನು ನನ್ನ ಕೈಗಿಟ್ಟರು.

ಆಮೇಲೆ ಅದೇ ಸೊಂಟವನ್ನು ಸಲೀಸಾಗಿ ಬಗ್ಗಿಸಿ, ಎಲ್ಲಕ್ಕಿಂತ ದೊಡ್ಡ ಕುಂಬಳವನ್ನೆತ್ತಿ ಕಂಕುಳಿಗೇರಿಸಿಕೊಂಡು, "ನಮ್ಮ ಸೊಸೆ ಬೆಳ್ಸಿದ್ದು" ಎನ್ನುತ್ತ ಆಚೆಮನೆಗೆ ತೋರಿಸಲು ನಡೆದರು.