ತಟ್ಟೆಯ ಕೆಳಗೆ ಅಂಟಿಸಿದ ಬೆಲ್ಲ

ಬಶೀರಣ್ಣ, ಆವತ್ತು ನಿನ್ನ ಮೈತೂಕ ಹೆಚ್ಚಿರಲಿಲ್ಲ. ತಕ್ಕಡಿಯಲ್ಲಿ ನೀನು ಕೂತ ತಟ್ಟೆಯ ಕೆಳಗೆ ಬೆಲ್ಲ ಅಂಟಿಸಿದ್ದವನು ನಾನು.

ನಾಲ್ಕನೇ ಕ್ಲಾಸಿಗೆ ಶಾಲೆ ಬಿಟ್ಟ ಕೈ ಇದು, ಅಕ್ಷರ ಸೊಟ್ಟಗಿದ್ದರೆ ಹೊಟ್ಟೆಗೆ ಹಾಕಿಕೋ. ಇವತ್ತು ಬರೆಯದೆ ಇರಲಾರೆ. ನನ್ನ ಮೊಮ್ಮಗಳು ಗೌರಿ ರಾಜ್ಯದ ಕಬಡ್ಡಿ ತಂಡಕ್ಕೆ ಆಯ್ಕೆಯಾಗಿದ್ದಾಳೆ! ಬೀದಿಗೆಲ್ಲ ಸಕ್ಕರೆ ಹಂಚಿದೆ, ಹಂಚಿದವರಿಗೇ ಮತ್ತೆ ಹಂಚಿದೆ. ಬಂದವರೆಲ್ಲ ಅವಳಿಗೆ ಹೇಳಿದ್ದು ಒಂದೇ — "ನಿಮ್ ತಾತ ಸಾಮಾನ್ಯದವ್ರಲ್ಲ ಕಣಮ್ಮಿ. ಸೋತು ಸುಣ್ಣ ಆಗಿದ್ದ ಚಾಮರಾಜನಗರದ ತಂಡವ ಹುಡುಗ್ರ ಕಟ್ಕೊಂಡು ಗೆಲ್ಸುದ್ರು." ಆಗ ಅವಳು ನನ್ನನ್ನು ನೋಡಿದ ನೋಟ — ಅದನ್ನು ಹೊರಲು ನನ್ನಿಂದಾಗಲಿಲ್ಲ.

ನಿಜ, ಐವತ್ತರ ದಶಕದಲ್ಲಿ ತಂಡದ ಉಸ್ತುವಾರಿ ನನ್ನದೇ. ಗುಂಡ್ಲುಪೇಟೆಯವರ ಕೈಲಿ ಪ್ರತಿ ವರ್ಷ ಸೋಲುತ್ತಿದ್ದೆವು. ಹರದನಹಳ್ಳಿ, ಉಮ್ಮತ್ತೂರು ಅಂತ ಅಲೆದು ಹುಡುಗರನ್ನು ಹುಡುಕಿ ತಂದೆ. ಹಳಬರು ಒಬ್ಬೊಬ್ಬರೇ ಜಾಗ ಬಿಟ್ಟರು. ನೀನೊಬ್ಬ ಉಳಿದೆ, ತಂಡದ ನಾಯಕ. ಪಾತ್ರೆಗೆ ಕಲಾಯಿ ಹಾಕುವ ನಿನ್ನ ಆ ಕೈ ಎದುರಾಳಿಯ ಕಾಲು ಹಿಡಿದರೆ ಬಿಡಿಸಿಕೊಂಡವರಿರಲಿಲ್ಲ — ಒಂದು ಕಾಲಕ್ಕೆ. ಆ ಕಾಲ ಮುಗಿಯಿತು ಎಂದು ನಿನ್ನ ಮುಖ ನೋಡಿ ಹೇಳುವ ಧೈರ್ಯ ನನಗೆ ಬರಲಿಲ್ಲ.

ಆಟಕ್ಕೆ ಮುಂಚೆ ಎಲ್ಲರನ್ನೂ ಬೆಲ್ಲದ ಮಂಡಿಯ ದೊಡ್ಡ ತಕ್ಕಡಿಯಲ್ಲಿ ತೂಗುವುದು ಆಗಿನ ಪದ್ಧತಿ. ಗೊತ್ತುಮಾಡಿದ ತೂಕ ಮೀರಿದವನು ಹೊರಗೆ. ಹುಡುಗರೆಲ್ಲ ಕಡ್ಡಿಗಳು, ತುಸು ಹೆಚ್ಚು ತೂಗಿದರೂ ಪಾರಾಗುವವರು; ಸರಿಯಾಗಿ ಆ ತೂಕಕ್ಕೆ ನಿಲ್ಲುತ್ತಿದ್ದವನು ನೀನೊಬ್ಬನೇ. ಮಂಡಿಯಲ್ಲಿ ತೂಗುವ ಕೆಲಸ ನನ್ನದು. ಯಾರೂ ಬರುವ ಮೊದಲೇ ಮೆತ್ತನೆಯ ಬೆಲ್ಲ ತಟ್ಟೆಯಡಿಗೆ ಒತ್ತಿದೆ.

ನಿನ್ನ ತಟ್ಟೆ ನೆಲ ಮುಟ್ಟಿತು. ಗುಂಡ್ಲುಪೇಟೆಯವನೊಬ್ಬ ಕೂಗಿದ, "ಏನಣ್ಣ, ನೆನ್ನೆ ಮದ್ವೆ ಊಟ ಜೋರಾ?"

ನೀನೂ ನಕ್ಕೆ. "ತಕ್ಕಡಿ ಸುಳ್ಳೇಳದಾ? ಬುಡ್ರಲಾ, ಇವತ್ತು ಪುಟ್ಟಮಾದ ಆಡ್ಲಿ."

ಪುಟ್ಟಮಾದ ಉಮ್ಮತ್ತೂರಿನವನು, ಮೀಸೆ ಮೂಡದ ಹುಡುಗ. ಅವನ ಅಂಗೈಗೆ ನೀನೇ ಮಣ್ಣು ತಿಕ್ಕಿದೆ. "ಎದ್ರುಕೋಬ್ಯಾಡ ಕಣ್ಲಾ. ಆ ಮೂಲೇಲವ್ನಲ್ಲ ಎತ್ತರದವ್ನು, ಅವ್ನು ಬಗ್ಗದಿಲ್ಲ. ಅವ್ನ್ ಕಾಲಿಂದ್ಲೇ ಸುರು ಮಾಡು."

ಅಬ್ಬಾ, ಆ ಹುಡುಗ ಒಳಹೊಕ್ಕ ಪರಿ! ಬಂದದ್ದೂ ಕಾಣಲಿಲ್ಲ, ಮುಟ್ಟಿದ್ದೂ ಕಾಣಲಿಲ್ಲ. ಎದುರಾಳಿಗಳು ತಮ್ಮ ಮೈ ತಾವೇ ಸವರಿಕೊಂಡು ನಿಂತರು. ಇಡೀ ಮೈದಾನದಲ್ಲಿ ಕಬಡ್ಡಿ ಕಬಡ್ಡಿ ಎನ್ನುವ ಅವನದೊಂದೇ ದನಿ. ಗೆದ್ದೆವು. ಅವನನ್ನು ಹೆಗಲ ಮೇಲೆ ಹೊತ್ತು ಕುಣಿದವನು ನೀನು.

ಅಲ್ಲಿಗೇ ನಿಂತಿದ್ದರೆ... ಮುಂದಿನ ಆಟಕ್ಕೆ ತೂಕ ಇಳಿಸಲೆಂದು ನೀನು ರಾತ್ರಿಯೂಟ ಬಿಟ್ಟೆ, ಬೆಳಗಿನ ಜಾವ ಓಡಿದೆ. ಕೆನ್ನೆ ಒಳಸೇರಿತ್ತು. ನಾನು ನೋಡಿದೆ — ನೋಡಿಯೂ ಬೆಲ್ಲ ಅಂಟಿಸಿದೆ, ಆ ಸಲ ಇನ್ನೂ ಹೆಚ್ಚು. ತಟ್ಟೆಯಿಂದಿಳಿದು ನಿನ್ನ ತೋಳನ್ನು ನೀನೇ ಮುಟ್ಟಿ ನೋಡಿಕೊಂಡೆ. "ಮೈಯೇ ಬ್ಯಾಡ ಅಂತದೆ, ಬುಡ್ಲಾ" ಅಂದೆ. ಮತ್ತೆಂದೂ ಅಂಕಣಕ್ಕೆ ಇಳಿಯಲಿಲ್ಲ.

ತಂಡ ಬೆಳೆಯಿತು, ಹಾರ ನನಗೆ ಬಿತ್ತು. ಕೇಳಿದ್ದರೆ ನೀನೇ ಜಾಗ ಬಿಡುತ್ತಿದ್ದೆಯೇನೋ — ನಾನು ಕೇಳಲಿಲ್ಲವಲ್ಲ. ನಿನ್ನ ಮೈಯನ್ನೇ ನೀನು ನಂಬದ ಹಾಗೆ ಮಾಡಿದೆ.

ನಾಳೆ ಗೌರಿಯನ್ನು ಕರೆದುಕೊಂಡು ನಿನ್ನ ಮನೆಗೆ ಬರುತ್ತೇನೆ. ಇದಷ್ಟನ್ನೂ ಅವಳ ಮುಂದೆಯೇ ಬಾಯಿಬಿಟ್ಟು ಹೇಳುತ್ತೇನೆ. ಆಮೇಲೆ ಅವಳು ನನ್ನ ಜೊತೆ ವಾಪಸ್ಸು ಹೊರಡದೆ ನಿನ್ನ ಪಕ್ಕದಲ್ಲೇ ಕೂತರೆ — ಕೂರಲಿ.