ಎಂಟು ಸೆಕೆಂಡಿನ ಸರದಿ

ಹಳೇಬೀಡಿನ ಬಸ್‌ಸ್ಟ್ಯಾಂಡ್ ಎದುರು ಜೆರಾಕ್ಸ್ ಅಂಗಡಿ ಇಟ್ಟಿರುವ ಗುರುಮೂರ್ತಿಗೆ ಮಾತು ಕಡಿಮೆ. ವಯಸ್ಸು ನಲವತ್ತೆರಡು, ಮದುವೆಯಿಲ್ಲ. ತಾಯಿ ತೀರಿಕೊಂಡು ಆರು ವರ್ಷವಾಯಿತು. ಬಸ್ತಿಹಳ್ಳಿಯ ಮನೆಯಲ್ಲಿ ಒಬ್ಬನೇ. ಮಾತಾಡಲು ಜನವಿಲ್ಲದವನಿಗೆ ಕಂಪ್ಯೂಟರ್ ಹತ್ತಿರವಾಗದೆ ಇನ್ನೇನು? ಕ್ಲೌಡ್‌ನಲ್ಲಿ ಆ್ಯಪ್ ಕಟ್ಟುವುದನ್ನು ತಾನೇ ಕಲಿತ.

ಕೆರೆನೀರಿನ ಸರದಿ ಹೇಳುತ್ತಿದ್ದ ನೀರುಗಂಟಿ ರಾಮಣ್ಣನಿಗೆ ಮಂಡಿನೋವು ಬಂದು ಮನೆಮನೆ ತಿರುಗುವುದು ನಿಂತಾಗ, ಊರವರು ಆ ಕೆಲಸವನ್ನು ಗುರುಮೂರ್ತಿಯ ತಲೆಗೆ ಕಟ್ಟಿದರು. ಸರದಿಗೆಂದೇ ಒಂದು ಆ್ಯಪ್ ಕಟ್ಟಿ ಮೆಸೇಜ್ ಕಳಿಸಿದ, ಯಾರೂ ಓದಲಿಲ್ಲ. ಕೊನೆಗೆ, ಫೋನ್ ಮಾಡಿ ಮಾತಾಡುವ ಒಂದು ಆಡ್-ಆನ್ ಹುಡುಕಿ ಆ್ಯಪ್‌ಗೆ ಜೋಡಿಸಿದ. ‘ಇದಿನ್ನೂ ಪ್ರಯೋಗದಲ್ಲಿದೆ, ನಿಮ್ಮ ಜವಾಬ್ದಾರಿಯ ಮೇಲೆ ಬಳಸಿ’ ಎಂದು ಅದರಲ್ಲೇ ಬರೆದಿತ್ತು. ಅದಕ್ಕೆ ತನ್ನದೇ ದನಿ ತುಂಬಿದ: “ನಾಳೆ ನಿಮ್ಮ ಗದ್ದೆಗೆ ನೀರು. ಬರ್ತೀರಾ?” ಎಂಟು ಸೆಕೆಂಡಿನೊಳಗೆ ‘ಬತ್ತೀನಿ’ ಅಥವಾ ‘ಹೂಂ’ ಎಂದರೆ ಸರದಿ ಗಟ್ಟಿ. ಇಲ್ಲದಿದ್ದರೆ ಫೋನ್ ಕಟ್, ನೀರು ಮುಂದಿನವರಿಗೆ.

ತನಗೇ ಫೋನ್ ಮಾಡಿಸಿಕೊಂಡು, ನಲವತ್ತು ಸಲ ‘ಬತ್ತೀನಿ’ ಎಂದು ಪರೀಕ್ಷೆ ಮಾಡಿದ. ಒಮ್ಮೆಯೂ ತಪ್ಪಲಿಲ್ಲ. ಹೇಗೆ ತಪ್ಪೀತು? ಪುಣ್ಯಾತ್ಮ ಇನ್ನೊಬ್ಬರ ಕೈಗೆ ಕೊಟ್ಟು ನೋಡಿದ್ದರೆ ತಾನೇ.

ಒಂದು ಬೆಳಿಗ್ಗೆ ಕೆಂಪಲಕ್ಷ್ಮಮ್ಮ ಅಂಗಡಿಗೇ ಬಂದಳು. ಕೆರೆ ಕೆಳಗೆ ಅರ್ಧ ಎಕರೆ ಭತ್ತ ಹಾಕಿದ ಮುದುಕಿ.

“ಎರಡು ಸರದಿ ತಪ್ಪೋಯ್ತು ಕಣೋ. ಭತ್ತ ಹೊಡೆ ಬಿಚ್ಚಿ ತೆನೆ ಬರೋ ಹೊತ್ತು. ಮೂರನೇದೂ ತಪ್ಪಿದ್ರೆ ಬರೀ ಜೊಳ್ಳು.”

“ಫೋನ್ ಬಂದಾಗ ‘ಬತ್ತೀನಿ’ ಅಂತ ಮಾತ್ರ ಹೇಳ್ಬೇಕು, ಕೆಂಪಮ್ಮ. ಬೇರೆ ಏನೂ ಮಾತಾಡ್ಬಾರ್ದು.”

“ಓಹೋ. ನಾನು ಮಾತಾಡ್ಸಿದ್ದೇ ತಪ್ಪಾ? ಆಯ್ತು ಬಿಡು.”

ಅವಳು ಹೋದ ಮೇಲೆ ಗುರುಮೂರ್ತಿ ಆ್ಯಪ್‌ನಲ್ಲಿ ದಾಖಲಾಗಿದ್ದ ಅವಳ ಕರೆಗಳನ್ನು ಹಾಕಿ ಕೇಳಿದ. ಮೊದಲನೆಯದು: “ಗುರುಮೂರ್ತೀನಾ? ಚೆನ್ನಾಗಿದ್ದೀಯಾ ಮಗಾ? ಊಟ ಆಯ್ತಾ?” ಕಟ್. ಎರಡನೆಯದು: “ಯಾಕೋ ಮಗಾ, ಮೊನ್ನೆ ಫೋನ್ ಮಡಗಿಬಿಟ್ಟೆ? ಊಟ ಮಾಡ್ದಾ?” ಕಟ್.

ಈ ಕಡೆಯವರು ಫೋನೆತ್ತಿ ಊಟ ಕೇಳದೆ ನೀರಿನ ವಿಷಯಕ್ಕೆ ಬರುತ್ತಾರೆಯೇ? ಇಷ್ಟು ಸಣ್ಣ ಸಂಗತಿ ಅವನಿಗೆ ಹೊಳೆದಿರಲಿಲ್ಲ. ಆರು ವರ್ಷದಿಂದ ಅವನನ್ನು ಯಾರೂ ಹಾಗೆ ಕೇಳಿರಲೂ ಇಲ್ಲ. ಕೇಳಿದವಳು ಒಬ್ಬಳು, ಅವಳ ಮಾತನ್ನು ಅವನ ದನಿಯೇ ಎರಡು ಸಲ ಕಡಿದುಹಾಕಿತ್ತು. ಎರಡನ್ನೂ ಮತ್ತೆ ಮತ್ತೆ ಕೇಳಿದ.

ಆಡ್-ಆನ್‌ನಿಂದ ಅವಳ ನಂಬರ್ ತೆಗೆದ. ಮರುದಿನದ ಸರದಿಯಲ್ಲಿ ಅವಳ ಹೆಸರನ್ನು ಮೊದಲು ಬರೆದ. ಮಧ್ಯಾಹ್ನ ತಾನೇ ಫೋನ್ ಮಾಡಿದ.

“ಕೆಂಪಮ್ಮ, ನಾಳೆ ನಿಮ್ಮ ಗದ್ದೆಗೆ ನೀರು. ಬರ್ತೀರಾ?”

“ಬತ್ತೀನಿ” ಎಂದಳು ಕೆಂಪಲಕ್ಷ್ಮಮ್ಮ. ಹೇಳಿಕೊಟ್ಟಂತೆ ಅಷ್ಟೇ ಹೇಳಿ ಫೋನ್ ಇಟ್ಟಳು.

‘ಇನ್ನೂ ಊಟ ಆಗಿಲ್ಲ ಕಣಮ್ಮ’ ಎನ್ನಲು ಅವನು ಬಾಯಿ ತೆರೆದೇ ಇದ್ದ.